ಓದದೆ ಬಿಟ್ಟ ಒಂದು ಸಾಲು

ವರ್ಷಕ್ಕೊಮ್ಮೆ ನಮ್ಮ ಕಾಲೇಜಿನ ಕಚೇರಿಗೆ ಒಂದು ನಮೂನೆಯನ್ನು ತುಂಬಿಕೊಡಬೇಕಾಗುತ್ತದೆ. ಹೆಸರು, ವಿದ್ಯಾರ್ಹತೆ, ಪ್ರಕಟವಾದ ಲೇಖನಗಳು, ಕೊನೆಯಲ್ಲಿ ಹಿಂದಿನ ಅನುಭವ. ಈ ಕೊನೆಯ ಕಲಮಿಗೆ ಬಂದಾಗಲೆಲ್ಲ ನನ್ನ ಲೇಖನಿ ಒಂದು ಕ್ಷಣ ತಡೆಯುತ್ತದೆ. 'ಅತಿಥಿ ಉಪನ್ಯಾಸಕ' ಎಂದು ಬರೆಯುವುದು ಸುಲಭ. ಅದರ ಕೆಳಗೆ, 'ಅಂತರಜಾಲದ ಅಂಗಡಿಗಳ ತಂತ್ರಾಂಶಕ್ಕೆ ತಾಂತ್ರಿಕ ನೆರವು, ನಾಲ್ಕು ವರ್ಷ' ಎಂದು ಬರೆದಾಗ ಗುಮಾಸ್ತರು ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತಾರೆ. "ಇದು ನಿಮ್ಮದೇನಾ ಸಾರ್? ಕನ್ನಡ ಎಂ.ಎ.ಗೂ ಇದಕ್ಕೂ ಏನು ಸಂಬಂಧ?" ಎಂದು ಕಳೆದ ಸಲ ಕೇಳಿಯೇಬಿಟ್ಟರು. ಕಿಟಕಿಯ ಮುಂದೆ ನಿಂತು ಕೊಡುವ ಉತ್ತರ ಅದಲ್ಲವಾದ್ದರಿಂದ ನಕ್ಕು ಬಂದುಬಿಟ್ಟೆ. ಆದರೆ ಪ್ರಶ್ನೆ ಮಾತ್ರ ನನ್ನೊಡನೆ ಮನೆಗೆ ಬಂದಿತು.

ಸಂಬಂಧ ಮೊದಲಿಗೆ ಹೊಟ್ಟೆಪಾಡಿನದೇ ಆಗಿತ್ತು. ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅತಿಥಿಗೆ ಆತಿಥ್ಯ ತಿಂಗಳು ತಿಂಗಳೂ ನಡೆಯುತ್ತಿರಲಿಲ್ಲ. ಸಂಬಳವೆಂಬುದು ಕೆಲವೊಮ್ಮೆ ನಾಲ್ಕು ತಿಂಗಳಿಗೊಮ್ಮೆ ದರ್ಶನ ಕೊಡುತ್ತಿತ್ತು. ಮನೆಯ ಬಾಡಿಗೆಗೆ ಅಷ್ಟು ತಾಳ್ಮೆಯಿಲ್ಲ. ಸ್ನೇಹಿತರೊಬ್ಬರು ಒಂದು ಕಂಪನಿಯ ವಿಳಾಸ ಕೊಟ್ಟರು. ಅಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನಾದ ಇಂಜಿನಿಯರ್ ಒಬ್ಬ ನನ್ನ ಸಂದರ್ಶನ ನಡೆಸಿದ. ಕಂಪ್ಯೂಟರಿನ ಬಗ್ಗೆ ಕೇಳಿದ್ದು ಎರಡೇ ಪ್ರಶ್ನೆ. ಬಳಿಕ ಕೋಪಗೊಂಡ ವ್ಯಾಪಾರಿಯೊಬ್ಬ ಬರೆದ ಪತ್ರವನ್ನು ಮುಂದಿಟ್ಟು, "ಇದಕ್ಕೊಂದು ಉತ್ತರ ಬರೆಯಿರಿ" ಎಂದ. ಬರೆದೆ. ಕೆಲಸ ಸಿಕ್ಕಿತು. ಅಂದಿನಿಂದ ಆ ಕೋಣೆಯಲ್ಲಿ ಎಲ್ಲರಿಗೂ ನಾನು 'ಮೇಷ್ಟ್ರು' ಆದೆ.

ನಮ್ಮ ಪಾಳಿ ಮಧ್ಯಾಹ್ನ ಒಂದೂವರೆಗೆ ಮೊದಲಾಗುತ್ತಿತ್ತು. ಚಳಿಗಾಲದಲ್ಲಿ ಇಂಗ್ಲೆಂಡಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ ಎಂಟಾಗಿ ಅಂಗಡಿಗಳು ಕಣ್ಣು ತೆರೆಯುವ ಹೊತ್ತು. ಅಂಗಡಿಗಳೆಂದರೆ ಗೋಡೆ, ಗಲ್ಲಾಪೆಟ್ಟಿಗೆ, ತಕ್ಕಡಿಗಳಿಲ್ಲದ ಅಂಗಡಿಗಳು. ಇವುಗಳ ಚರಿತ್ರೆ ನಾವು ಎಣಿಸಿದಷ್ಟು ಹೊಸದಲ್ಲ. 1979ರಲ್ಲೇ ಇಂಗ್ಲೆಂಡಿನ ಮೈಕೇಲ್ ಆಲ್ಡ್ರಿಚ್ ಎಂಬವರು ಮನೆಯ ಟೆಲಿವಿಷನ್ನನ್ನು ಕೊಂಚ ಮಾರ್ಪಡಿಸಿ, ದೂರವಾಣಿಯ ತಂತಿಯ ಮೂಲಕ ಕಂಪ್ಯೂಟರಿಗೆ ಜೋಡಿಸಿ ವ್ಯಾಪಾರದ ದಾರಿ ತೋರಿಸಿದ್ದರು. 1984ರಲ್ಲಿ ಗೇಟ್ಸ್‌ಹೆಡ್ ಪಟ್ಟಣದ ಜೇನ್ ಸ್ನೋಬಾಲ್ ಎಂಬ 72 ವರ್ಷದ ವೃದ್ಧೆ ತನ್ನ ಕುರ್ಚಿಯಲ್ಲೇ ಕುಳಿತು ಮಾರ್ಗರೀನ್, ಕಾರ್ನ್‌ಫ್ಲೇಕ್ಸ್ ಮತ್ತು ಮೊಟ್ಟೆಗಳನ್ನು ತರಿಸಿಕೊಂಡರು. ಅನಂತರ ಅಂಗಡಿ ಕಟ್ಟುವ ತಂತ್ರಾಂಶಗಳೇ ಬಂದವು: 2000ದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಓಎಸ್‌ಕಾಮರ್ಸ್, 2008ರ ಮೆಜೆಂಟೊ, 2011ರ ವೂಕಾಮರ್ಸ್. ಬೆಲೆ ಕೊಡದೆ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಇಂಥವುಗಳಿಂದ, ಅಡುಗೆಮನೆಯ ಮೇಜಿನ ಮೇಲೆ ಸಾಬೂನು ಕಾಯಿಸುವವಳೂ ಅಂಗಡಿಯೊಡತಿಯಾದಳು. ಅಂಗಡಿಯೇನೋ ಪುಕ್ಕಟೆ, ಅದು ಕೆಟ್ಟಾಗ ನೋಡುವವರು ಯಾರು? ಹಾಗೆ ನೋಡುವವರ ಸಾಲಿನಲ್ಲಿ ನಾನೂ ಒಬ್ಬ.

ಬರುವ ಪ್ರತಿಯೊಂದು ದೂರಿಗೂ 'ಟಿಕೆಟ್ಟು' ಎಂದು ಹೆಸರು, ಅದಕ್ಕೊಂದು ಸಂಖ್ಯೆ. ಟಿಕೆಟ್ಟು ತೆರೆಯುತ್ತದೆ, ಉತ್ತರ ಹೋಗುತ್ತದೆ, ಟಿಕೆಟ್ಟು ಮುಚ್ಚುತ್ತದೆ. ದಿನಕ್ಕೆ ಎಷ್ಟು ಮುಚ್ಚಿದೆ ಎಂಬುದು ಗೋಡೆಯ ಮೇಲಿನ ಫಲಕದಲ್ಲಿ ನನ್ನ ಹೆಸರಿನ ಎದುರಿಗೆ ಕಾಣುತ್ತಿತ್ತು.

ಬಂದ ದೂರುಗಳಲ್ಲಿ ಅರ್ಧದಷ್ಟಾದರೂ ಒಂದೇ ವಾಕ್ಯದಿಂದ ಮೊದಲಾಗುತ್ತಿದ್ದವು: 'ಕೆಲಸ ಮಾಡುತ್ತಿಲ್ಲ.' ವ್ಯಾಕರಣ ಪಾಠ ಹೇಳುವವನಿಗೆ ಇದು ಕರ್ತೃವಿಲ್ಲದ ವಾಕ್ಯ. ಯಾವುದು ಕೆಲಸ ಮಾಡುತ್ತಿಲ್ಲ? ಯಾವಾಗಿನಿಂದ? ಯಾರಿಗೆ? ಎಲ್ಲ ಗಿರಾಕಿಗಳಿಗೋ, ಒಬ್ಬರಿಗೋ? ನಿನ್ನೆ ಮಾಡುತ್ತಿದ್ದರೆ ನಿನ್ನೆಗೂ ಇಂದಿಗೂ ನಡುವೆ ಬದಲಾದದ್ದೇನು? ಈ ಪ್ರಶ್ನೆಗಳನ್ನು ಮನಸ್ಸು ನೋಯದಂತೆ ಕೇಳುವುದೇ ಅರ್ಧ ವಿದ್ಯೆ. ದೂರು ಬರೆಯುವವನು ತನಗಾದ ನೋವನ್ನು ಬರೆಯುತ್ತಾನೆ. ಕಾರಣ ಅವನಿಗೆ ತಿಳಿದಿರುವುದಿಲ್ಲ. ಚಿಕಾಗೋದ ವ್ಯಾಪಾರಿಯೊಬ್ಬ, 'ನಿಮ್ಮ ತಂತ್ರಾಂಶ ನನ್ನ ಆರು ಗಂಟೆಗಳನ್ನು ಕದ್ದಿದೆ' ಎಂದು ಬರೆದಿದ್ದ. ನಾವೆಲ್ಲ ನಕ್ಕೆವು. ಆದರೆ ಅವನ ಮಾತು ಅಕ್ಷರಶಃ ಸತ್ಯ. ಭಾನುವಾರ ಮಧ್ಯರಾತ್ರಿಗೆ ಮುಗಿಯಬೇಕಾಗಿದ್ದ ರಿಯಾಯಿತಿ ಸಂಜೆ ಆರಕ್ಕೇ ಮುಗಿದಿತ್ತು. ಅವನ ಸರ್ವರಿನ ಗಡಿಯಾರ ಗ್ರೀನಿಚ್ ಕಾಲವನ್ನು ಹೇಳುತ್ತಿತ್ತು. ಚಳಿಗಾಲದಲ್ಲಿ ಚಿಕಾಗೋ ಅದಕ್ಕೆ ಸರಿಯಾಗಿ ಆರು ಗಂಟೆ ಹಿಂದೆ. ಮಧ್ಯರಾತ್ರಿ ಎಂದರೆ ಯಾರ ಮಧ್ಯರಾತ್ರಿ ಎಂದು ಯಾರೂ ಕೇಳಿರಲಿಲ್ಲ.

ಎಂ.ಎ. ತರಗತಿಯಲ್ಲಿ ನಾವು ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದ್ದೆವು. ಒಂದೇ ಕಾವ್ಯದ ನಾಲ್ಕಾರು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಲಿಪಿಕಾರನ ಕೈ ಎಲ್ಲಿ ತಪ್ಪಿತು, ಆ ತಪ್ಪು ಯಾವ ಯಾವ ಪ್ರತಿಗೆ ಇಳಿದು ಬಂದಿತು ಎಂದು ಹುಡುಕುವ ಶಾಸ್ತ್ರ ಅದು. ಪರೀಕ್ಷೆಯ ಆಚೆಗೆ ಅದರಿಂದ ಉಪಯೋಗವುಂಟೆಂದು ನಾನು ಎಣಿಸಿರಲಿಲ್ಲ. ಇಲ್ಲಿ ಓಲೆಯ ಬದಲಿಗೆ 'ಲಾಗ್' ಎಂಬ ದಿನಚರಿ. ಸರ್ವರಿನ ಬಾಗಿಲಿಗೆ ಯಾರು ಬಂದರು, ಏನು ಕೇಳಿದರು, ಅವರಿಗೆ ಏನು ಉತ್ತರ ಸಿಕ್ಕಿತು ಎಂಬುದು ಕ್ಷಣಕ್ಷಣವೂ ಅದರಲ್ಲಿ ಬರೆದಿರುತ್ತದೆ. ಕೆಟ್ಟ ಅಂಗಡಿಯ ದಿನಚರಿಯನ್ನು ಸರಿಯಾದ ಅಂಗಡಿಯ ದಿನಚರಿಯೊಡನೆ ಹೋಲಿಸಿ, ಎಲ್ಲಿಂದ ದಾರಿ ಬೇರೆಯಾಯಿತೆಂದು ನೋಡಬೇಕು. ನನಗೆ ಈ ಕೆಲಸ ಬೇಗ ಹಿಡಿಯಿತು. ಇನ್ನು ಮುಂದೆ ಹೇಳಬೇಕಾದುದಿಲ್ಲದಿದ್ದರೆ ಈ ಲೇಖನವನ್ನು ಇಲ್ಲಿಗೇ ಮುಗಿಸಿ, ಗುಮಾಸ್ತರಿಗೆ ತೋರಿಸಿ ಬೀಗಬಹುದಾಗಿತ್ತು.

2014ರ ಡಿಸೆಂಬರ್ ತಿಂಗಳು. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ದೂರುಗಳು ಎಂದಿನ ಎರಡರಷ್ಟು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹೆಂಗಸೊಬ್ಬಳು ಎಳೆಮಕ್ಕಳಿಗೆ ಉಣ್ಣೆಯ ಹೊದಿಕೆಗಳನ್ನು ಹೆಣೆದು ಮಾರುತ್ತಿದ್ದಳು. ಕೊಳ್ಳುವವರು ಮಗುವಿನ ಹೆಸರು ತಿಳಿಸಿದರೆ ಹೊದಿಕೆಯ ಅಂಚಿಗೆ ಅದನ್ನು ದಾರದಲ್ಲಿ ಹೊಲಿದು ಕಳಿಸುವಳು. ಅವಳ ಪತ್ರ ಉದ್ದವಾಗಿತ್ತು. ಆರ್ಡರುಗಳು ಬಂದ ಒಂದು ಗಂಟೆಯಲ್ಲಿ ತಾವಾಗಿ ರದ್ದಾಗುತ್ತಿವೆ ಎಂಬುದು ಅದರ ಸಾರ.

ಇದಕ್ಕೆ ಸಿದ್ಧ ಉತ್ತರವೊಂದು ನಮ್ಮಲ್ಲಿತ್ತು. ಗಿರಾಕಿ ಹಣ ಕೊಡುವ ಪುಟದವರೆಗೆ ಹೋಗಿ ಮನಸ್ಸು ಬದಲಿಸಿ ಹೊರಟುಹೋದರೆ, ತಂತ್ರಾಂಶವು ಅವನಿಗಾಗಿ 60 ನಿಮಿಷ ಕಾದು, ಆ ಬಳಿಕ ಆರ್ಡರನ್ನು ರದ್ದುಮಾಡಿ ಸರಕನ್ನು ಮತ್ತೆ ಕಪಾಟಿಗೆ ಸೇರಿಸುತ್ತದೆ. ಇದು ಸಹಜ, ದೋಷವಲ್ಲ. ಅದನ್ನೇ ವಿನಯದಿಂದ ಬರೆದು ಟಿಕೆಟ್ಟು ಮುಚ್ಚಿದೆ. ಹಿಡಿದದ್ದು ನಾಲ್ಕು ನಿಮಿಷ. ಆ ದಿನ ಫಲಕದಲ್ಲಿ ನನ್ನ ಹೆಸರು ಎಲ್ಲರಿಗಿಂತ ಮೇಲಿತ್ತು.

ಮೂರು ದಿನದ ಮೇಲೆ ಅವಳ ಎರಡನೆಯ ಪತ್ರ ಬಂದಿತು. ಇದು ಚಿಕ್ಕದು. ಹದಿನಾರು ಮಂದಿ ಹಣ ಕಳೆದುಕೊಂಡಿದ್ದಾರೆ. ಅವರಲ್ಲಿ ಇಬ್ಬರು ತನ್ನನ್ನು ಕಳ್ಳಿ ಎಂದು ಎಲ್ಲರೂ ಓದುವಂತೆ ಬರೆದಿದ್ದಾರೆ. ಏನು ಮಾಡಬೇಕೆಂದು ತೋಚುತ್ತಿಲ್ಲ. ಇಷ್ಟೇ. ನನ್ನ ಮೇಲೆ ಒಂದು ಬಿರುಸು ಮಾತೂ ಇರಲಿಲ್ಲ.

ಮೊದಲನೆಯ ಪತ್ರವನ್ನು ತೆರೆದೆ. ಮೂರನೆಯ ಪ್ಯಾರದ ನಡುವೆ, ಹವೆಯ ಬಗೆಗೂ ಅಂಚೆಯ ತಡದ ಬಗೆಗೂ ಬರೆದ ಮಾತುಗಳ ಮಧ್ಯೆ, ಒಂದು ಸಾಲಿತ್ತು: ತಮ್ಮ ಬ್ಯಾಂಕಿನಿಂದ ಹಣ ಹೋಗಿದೆ ಎಂದು ಮೂವರು ಹೇಳುತ್ತಿದ್ದಾರೆ, ಅವರು ತಪ್ಪು ತಿಳಿದಿರಬಹುದು ಎಂದು. ಇಡೀ ಪತ್ರ ಬರೆದದ್ದು ಆ ಒಂದು ಸಾಲಿಗಾಗಿ. ಸಂಕೋಚದ ಹೆಂಗಸು, ತನ್ನ ಅನುಮಾನವನ್ನು ತಾನೇ ಅಲ್ಲಗಳೆದು ಬರೆದಿದ್ದಳು. ಧ್ವನಿ ಎಂದರೇನೆಂದು ಬೆಳಗ್ಗೆ ತರಗತಿಯಲ್ಲಿ ಒಂದು ಗಂಟೆ ವ್ಯಾಖ್ಯಾನ ಮಾಡಿದ ಮೇಷ್ಟ್ರು ಮಧ್ಯಾಹ್ನ ಅದನ್ನು ಓದಿರಲಿಲ್ಲ.

ಕಾರಣ ಅರ್ಧ ಗಂಟೆಯಲ್ಲಿ ಸಿಕ್ಕಿತು. ಆ ವರ್ಷದ ಆಗಸ್ಟ್‌ನಲ್ಲಿ ಗೂಗಲ್ ಸಂಸ್ಥೆಯು, ಗೂಢಲಿಪಿಯ ರಕ್ಷಣೆಯುಳ್ಳ ವಿಳಾಸಗಳಿಗೆ ಹುಡುಕಾಟದಲ್ಲಿ ಕೊಂಚ ಪ್ರಾಶಸ್ತ್ಯ ಕೊಡುವುದಾಗಿ ಪ್ರಕಟಿಸಿತ್ತು. ಅವಳೂ ಯಾರದೋ ಸಲಹೆಯಂತೆ ಅಂಗಡಿಯನ್ನು 'ಎಚ್‌ಟಿಟಿಪಿ'ಯಿಂದ 'ಎಚ್‌ಟಿಟಿಪಿಎಸ್' ವಿಳಾಸಕ್ಕೆ ಬದಲಾಯಿಸಿದ್ದಳು. ಆದರೆ ಹಣ ವಸೂಲು ಮಾಡುವ ಸಂಸ್ಥೆಯ ಖಾತೆಯಲ್ಲಿ ಹಳೆಯ ವಿಳಾಸವೇ ಉಳಿದಿತ್ತು. 'ಹಣ ಸಂದಿದೆ' ಎಂಬ ಚೀಟಿಯನ್ನು ಹಿಡಿದ ದೂತ ಪ್ರತಿಸಲವೂ ಹಳೆಯ ಬಾಗಿಲಿಗೆ ಬರುವನು. 'ಮನೆ ಬದಲಾಗಿದೆ, ಅಲ್ಲಿಗೆ ಹೋಗು' ಎಂಬ ಫಲಕ ನೋಡುವನು. ಹೊಸ ಮನೆಗೆ ಹೋಗುವ ಅಪ್ಪಣೆ ಅವನಿಗಿಲ್ಲದ್ದರಿಂದ ಚೀಟಿ ಕೊಡದೆ ಹಿಂದಿರುಗುವನು. ದಿನಚರಿಯಲ್ಲಿ ಒಂದರ ಕೆಳಗೊಂದು 301, 301 ಎಂದು ಬಿದ್ದಿತ್ತು. ಸ್ಥಳ ಬದಲಾಗಿದೆ ಎಂಬುದಕ್ಕೆ ಯಂತ್ರಗಳ ಸಂಕೇತ ಅದು. ಅಂಗಡಿ ಒಂದು ಗಂಟೆ ಕಾಯುವುದು, ಹಣ ಬಂದಿಲ್ಲವೆಂದು ಆರ್ಡರನ್ನು ರದ್ದುಮಾಡುವುದು. ಗಿರಾಕಿಯ ಹಣ ಮಾತ್ರ ಹೋಗಿಯೇ ಇರುವುದು.

ನಮ್ಮ ತಂಡದ ನಾಯಕ, ಅದೇ ದಾವಣಗೆರೆಯ ಇಂಜಿನಿಯರ್ ಹುಡುಗ, ನೋಡಿ ಹಗುರಾದ. "ತಂತ್ರಾಂಶದ್ದೂ ತಪ್ಪಲ್ಲ, ನಮ್ಮದೂ ಅಲ್ಲ. ವಿಳಾಸ ಬದಲಾಯಿಸಿದ್ದು ಅವರು. ಹಾಗೇ ಬರೆದುಬಿಡಿ ಮೇಷ್ಟ್ರೇ" ಎಂದ.

ಹಾಗೆ ಬರೆಯಬಹುದಿತ್ತು, ಅದರಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ. ಆದರೆ ಹದಿನಾರರಲ್ಲಿ ಹದಿಮೂರು ಆರ್ಡರುಗಳು ನನ್ನ ಉತ್ತರದ ಅನಂತರದ ಮೂರು ದಿನಗಳಲ್ಲಿ ಕೆಟ್ಟಿದ್ದವು. ವಿಳಾಸ ಅವಳದು, ಆ ಮೂರು ದಿನ ನನ್ನವು. ಕಾರಣವನ್ನೂ ಪರಿಹಾರವನ್ನೂ ವಿವರಿಸಿ, ಕೊನೆಗೆ, 'ಇದನ್ನು ನೀವು ಮೊದಲ ಪತ್ರದಲ್ಲೇ ತಿಳಿಸಿದ್ದಿರಿ. ನಾನು ಸರಿಯಾಗಿ ಓದಲಿಲ್ಲ. ಕ್ಷಮಿಸಬೇಕು' ಎಂದು ಸೇರಿಸಿದೆ. ಹುಡುಗ ತಲೆ ಕೆರೆದುಕೊಂಡ. "ಬರವಣಿಗೆಯಲ್ಲಿ ತಪ್ಪೊಪ್ಪಿಕೊಳ್ಳಬಾರದು ಅಂತ ಮೇಲಿನವರ ಆಜ್ಞೆ ಇದೆ, ಸಾರ್. ಆ ಕೊನೆಯದನ್ನು ತೆಗೆದುಬಿಡಿ." ಮೇಷ್ಟ್ರು ಎನ್ನುತ್ತಿದ್ದವನು ಸಾರ್ ಎಂದನೆಂದರೆ ಮಾತು ಗಂಭೀರವೆಂದೇ ಅರ್ಥ. "ತೆಗೆದರೆ ಅವರು ತಮ್ಮದೇ ತಪ್ಪೆಂದು ತಿಳಿಯುತ್ತಾರಪ್ಪ" ಎಂದೆ. ಅವನು ಸ್ವಲ್ಪ ಹೊತ್ತು ನಿಂತಿದ್ದು, ನೋಡದವನಂತೆ ಕಾಫಿ ಯಂತ್ರದ ಕಡೆಗೆ ನಡೆದ. ಪತ್ರ ಹೋಯಿತು. ಆ ತಿಂಗಳ ನನ್ನ ಮೌಲ್ಯಮಾಪನದಲ್ಲಿ ಅದಕ್ಕೊಂದು ಟಿಪ್ಪಣಿಯೂ ಬಿದ್ದಿತು. ಅದನ್ನು ಮೃದುವಾಗಿ ಬರೆದವನು ಅವನೇ.

ಅವಳ ಉತ್ತರ ಹತ್ತು ನಿಮಿಷದಲ್ಲಿ ಬಂದಿತು. ಕ್ಷಮೆಯ ವಿಷಯ ಅದರಲ್ಲಿರಲಿಲ್ಲ. ಹದಿನಾರು ಮಕ್ಕಳ ಹೆಸರುಗಳನ್ನು ಒಂದು ಪಟ್ಟಿಮಾಡಿ ಕಳಿಸಬಲ್ಲಿರಾ, ಇಂದೇ ಹೊಲಿಯಲು ಕೂರುತ್ತೇನೆ ಎಂದು ಕೇಳಿದ್ದಳು. ಪಾಳಿ ಮುಗಿದಿತ್ತು. ಹಣದ ಸಂಸ್ಥೆಯ ಲೆಕ್ಕವನ್ನು ಒಂದು ಕಡೆಗೂ ರದ್ದಾದ ಆರ್ಡರುಗಳನ್ನು ಇನ್ನೊಂದು ಕಡೆಗೂ ಇಟ್ಟುಕೊಂಡು, ಮೊಬಲಗು, ವೇಳೆ, ಕೊಂಡವರ ವಿಳಾಸಗಳನ್ನು ತಾಳೆ ನೋಡುತ್ತ ಕುಳಿತೆ. ಜೀವನದಲ್ಲಿ ಅಷ್ಟು ಎಚ್ಚರದಿಂದ ಯಾವ ಓಲೆಪ್ರತಿಯನ್ನೂ ನಾನು ಓದಿರಲಿಲ್ಲ. ಒಂದು ಹೆಸರಿನ ಕಾಗುಣಿತ ತಪ್ಪಿದರೂ ಅದು ಮಗುವಿನ ಮೈಮೇಲೆ ಉಳಿಯುತ್ತದಷ್ಟೆ! ರಾತ್ರಿ ಒಂದು ಗಂಟೆಗೆ ಪಟ್ಟಿ ಹೋಯಿತು.

ಹದಿನಾರರಲ್ಲಿ ಹನ್ನೊಂದು ಹೊದಿಕೆಗಳು ಹಬ್ಬಕ್ಕೆ ಮುಂಚೆ ಸೇರಿದವು. ನಾಲ್ವರು ಹಣ ವಾಪಸು ಕೇಳಿದರು. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಕಳ್ಳಿ ಎಂದು ಬರೆದ ಇಬ್ಬರಲ್ಲಿ ಒಬ್ಬರು ಬರೆದುದನ್ನು ಅಳಿಸಿದರು. ಮತ್ತೊಂದು ಬರಹ ನಾನು ಆ ಕೆಲಸ ಬಿಡುವವರೆಗೂ ಅಲ್ಲಿಯೇ ಇತ್ತು. ಆಗಾಗ ಹೋಗಿ ನೋಡುತ್ತಿದ್ದೆ.

ಈಚೆಗೆ ಇಂಥ ದೂರುಗಳಿಗೆ ಮೊದಲ ಉತ್ತರವನ್ನು ಅನೇಕ ಕಡೆ ಯಂತ್ರಗಳೇ ಬರೆಯುತ್ತಿವೆ. ಯಂತ್ರಕ್ಕೆ ಓದು ಬಾರದೆಂದು ಹಳಿಯುವ ಧೈರ್ಯ ನನಗಿಲ್ಲ. ನನ್ನ ಅಂದಿನ ಉತ್ತರವನ್ನು ಅದು ನಾಲ್ಕು ನಿಮಿಷದ ಬದಲು ನಾಲ್ಕು ಸೆಕೆಂಡಿನಲ್ಲಿ ಬರೆದೀತು. ಬಹುಶಃ ಆ ಮೂರನೆಯ ಪ್ಯಾರವನ್ನು ನನಗಿಂತ ಚೆನ್ನಾಗಿ ಗಮನಿಸಿದರೂ ಗಮನಿಸೀತು.

ಕಳೆದ ತಿಂಗಳು ಪರೀಕ್ಷೆಯ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಅಲ್ಲಿಯೂ ಕಟ್ಟುಗಳುಂಟು, ಸಂಖ್ಯೆಗಳುಂಟು, ಸಂಜೆಯೊಳಗೆ ಮುಗಿಸಬೇಕಾದ ಲೆಕ್ಕವುಂಟು. ಹೆಸರಿಲ್ಲದ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಎರಡು ಪುಟ ಬೇರೇನನ್ನೋ ಬರೆದಿದ್ದ. ಸೊನ್ನೆ ಹಾಕಲು ಲೇಖನಿ ಎತ್ತಿದ್ದೆ. ಪಕ್ಕದವರು ಆಗಲೇ ಮುಂದಿನ ಕಟ್ಟು ಬಿಚ್ಚುತ್ತಿದ್ದರು. ಯಾರ್ಕ್‌ಷೈರಿನ ಆ ಹೆಂಗಸು ನೆನಪಾದಳು. ಲೇಖನಿಯನ್ನು ಕೆಳಗಿಟ್ಟು, ಆ ಎರಡು ಪುಟಗಳನ್ನು ಮೊದಲಿನಿಂದ ಮತ್ತೊಮ್ಮೆ ಓದಲು ತೊಡಗಿದೆ.