ಅಲ್ಟ್ರಾಸೌಂಡ್ ನೆರವಿನಿಂದ ಚರ್ಮದೊಳಗೆ ಔಷಧ

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಬಾರಿ ಕಂಪಿಸುವ, ಕಿವಿಗೆ ಕೇಳದ ಶಬ್ದವೇ ಅಲ್ಟ್ರಾಸೌಂಡ್. ಅದರ ಬಲದಿಂದ ಔಷಧವನ್ನು ಚರ್ಮದೊಳಕ್ಕೆ ದಾಟಿಸುವ ವಿಧಾನವನ್ನು ಫೋನೋಫೊರೆಸಿಸ್ ಅಥವಾ ಸೋನೋಫೊರೆಸಿಸ್ ಎನ್ನುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಕಬ್ಬಿನ ಸೀಮೆಗೆ ಇದು ಹತ್ತಿರದ ವಿಷಯ. ದಿನವಿಡೀ ಬಗ್ಗಿ ಕಬ್ಬು ಕಡಿದು, ಹೊರೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವವರಿಗೆ ಸೊಂಟ, ಹೆಗಲು, ಮೊಣಕಾಲಿನ ನೋವು ತಪ್ಪಿದ್ದಲ್ಲ. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಅದೇ ಔಷಧವನ್ನು ನೋವಿರುವ ಜಾಗದ ಮೇಲೆ ಹಚ್ಚಿದರೆ ರಕ್ತಕ್ಕೆ ಸೇರುವ ಪಾಲು ಬಹಳ ಕಡಿಮೆ.

ಆದರೆ ಚರ್ಮ ಸುಲಭವಾಗಿ ದಾರಿ ಬಿಡುವುದಿಲ್ಲ. ಅದರ ಹೊರಪದರದ ದಪ್ಪ ಕೇವಲ 10ರಿಂದ 20 ಮೈಕ್ರಾನ್. ಸತ್ತ ಜೀವಕೋಶಗಳು ಇಟ್ಟಿಗೆಯಂತೆ, ನಡುವಿನ ಕೊಬ್ಬು ಗಾರೆಯಂತೆ ಕೂಡಿಕೊಂಡ ಗೋಡೆ ಅದು. ಸುಮಾರು 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುಗಳು ಅದನ್ನು ದಾಟುವುದು ಕಷ್ಟ. ನೋವಿನ ಔಷಧ ಡೈಕ್ಲೋಫೆನಾಕ್ ಸುಮಾರು 300 ಡಾಲ್ಟನ್, ಹೇಗೋ ನುಸುಳುತ್ತದೆ. ಇನ್ಸುಲಿನ್ ಸುಮಾರು 5,800. ಅದಕ್ಕೆ ಸೂಜಿಯೇ ಗತಿ.

ಅಲ್ಟ್ರಾಸೌಂಡ್ ಈ ಗೋಡೆಯನ್ನು ಸಡಿಲಿಸುವುದು ಮುಖ್ಯವಾಗಿ ಗುಳ್ಳೆಗಳಿಂದ. ಅಲೆ ಹಾಯುವಾಗ ದ್ರವದಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ, ಹಿಗ್ಗಿ ಕುಗ್ಗಿ, ಕೊನೆಗೆ ಕುಸಿಯುತ್ತವೆ. ಕಂಪನ ಕಡಿಮೆಯಾದಷ್ಟೂ ಗುಳ್ಳೆ ದೊಡ್ಡದು. 20 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸುಮಾರು 20,000 ಕಂಪನ) ಅದರ ತ್ರಿಜ್ಯ ಸುಮಾರು 150 ಮೈಕ್ರಾನ್. ಚರ್ಮದ ಹೊರಪದರದೊಳಗೆ ಹಿಡಿಸುವಂಥದ್ದಲ್ಲ. ಹಾಗಾಗಿ ಅದು ಚರ್ಮದ ಮೇಲಿನ ದ್ರವದಲ್ಲೇ ಕುಸಿದು, ಚಿಮ್ಮಿದ ಸೂಕ್ಷ್ಮ ಧಾರೆ ಚರ್ಮಕ್ಕೆ ಬಡಿದು ಕೊಬ್ಬಿನ ಜೋಡಣೆಯನ್ನು ಕದಡುತ್ತದೆ. ಔಷಧಕ್ಕೆ ಕೆಲಕಾಲ ದಾರಿ ತೆರೆಯುತ್ತದೆ.

1954ರಲ್ಲಿ ಫೆಲಿಂಗರ್ ಮತ್ತು ಶ್ಮಿಡ್ ಎಂಬ ಸಂಶೋಧಕರು ಕೈಬೆರಳ ಸಂಧಿವಾತಕ್ಕೆ ಹೈಡ್ರೋಕಾರ್ಟಿಸೋನ್ ಮುಲಾಮಿನ ಜೊತೆ ಅಲ್ಟ್ರಾಸೌಂಡ್ ಬಳಸಿದರು. ದೊಡ್ಡ ತಿರುವು ಬಂದದ್ದು 1995ರಲ್ಲಿ. ಮುಂಬೈಯಲ್ಲಿ ಓದಿ ಅಮೆರಿಕದ ಎಂಐಟಿ ಸೇರಿದ್ದ ಸಮೀರ್ ಮಿತ್ರಗೋತ್ರಿ, ಅಲ್ಲಿನ ಸಂಶೋಧಕರಾದ ಬ್ಲಾಂಕ್‌ಶ್ಟೈನ್ ಮತ್ತು ಲ್ಯಾಂಗರ್ ಜೊತೆ ಸೇರಿ, 20 ಕಿಲೋಹರ್ಟ್ಸ್ ಶಬ್ದದಿಂದ ಇನ್ಸುಲಿನ್ ಕೂಡ ಮಾನವ ಚರ್ಮವನ್ನು ದಾಟಬಲ್ಲದೆಂದು ಪ್ರಯೋಗಾಲಯದಲ್ಲಿ ತೋರಿಸಿದರು. ದಿನವೂ ಚುಚ್ಚಿಸಿಕೊಳ್ಳುವ ಮಧುಮೇಹಿಗಳಿಗೆ ಇದು ಭರವಸೆಯ ಸುದ್ದಿ. ಆದರೂ ಸೂಜಿಯ ಜಾಗವನ್ನು ಅದಿನ್ನೂ ತುಂಬಿಲ್ಲ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಸೋನೋಪ್ರೆಪ್ ಎಂಬ ಅಲ್ಟ್ರಾಸೌಂಡ್ ಸಾಧನ, ಚರ್ಮ ಮರಗಟ್ಟಿಸುವ ಲಿಡೋಕೇನ್ ಮುಲಾಮು ಬೇಗ ನಾಟಲೆಂದು ರೂಪಿಸಿದ್ದು.

ಫಿಸಿಯೋಥೆರಪಿ ಕೇಂದ್ರಗಳ ಯಂತ್ರ ಬೇರೆ ಬಗೆಯದು: 1 ಅಥವಾ 3 ಮೆಗಾಹರ್ಟ್ಸ್, ಅಂದರೆ ಕಂಪನ ಬಹಳ ಹೆಚ್ಚು. ಅಲ್ಲಿ ಗುಳ್ಳೆಗಳು ಚಿಕ್ಕವು, ಚರ್ಮ ತೆರೆಯುವ ಬಲವೂ ಕಡಿಮೆ. ಔಷಧದ ಜೆಲ್‌ನಿಂದ ಬರಿಯ ಅಲ್ಟ್ರಾಸೌಂಡ್‌ಗಿಂತ ಹೆಚ್ಚಿನ ಲಾಭವಿದೆಯೇ ಎಂಬ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಇದಕ್ಕೆ ಒಂದು ಕಾರಣ ಹಚ್ಚುವ ಮದ್ದಿನಲ್ಲೇ ಇರಬಹುದು. ಪೆಟ್ರೋಲಿಯಂ ಜೆಲ್ಲಿ ಬೆರೆತ ಗಟ್ಟಿ ಮುಲಾಮು ಅಲೆಯನ್ನು ಬಹುಪಾಲು ತಡೆದುಬಿಡುತ್ತದೆ. ನೀರಿನಂಶದ, ಗಾಳಿಗುಳ್ಳೆಯಿಲ್ಲದ ಜೆಲ್ ಹಾಯಗೊಡುತ್ತದೆ. ಮನೆಯಿಂದ ತಂದ ನೋವಿನ ಮುಲಾಮನ್ನೇ ಬಳಸಿ ಎಂದು ಕೇಳುವವರು ಇದನ್ನು ತಿಳಿದಿರಬೇಕು. ಯಂತ್ರದ ತಲೆಯನ್ನು ಒಂದೇ ಕಡೆ ನಿಲ್ಲಿಸಿದರೆ ಒಳಗೆ ಸುಡಬಹುದು, ಆದ್ದರಿಂದ ಅದನ್ನು ಸುತ್ತಿಸುತ್ತಲೇ ಇರುತ್ತಾರೆ. ಗರ್ಭಿಣಿಯ ಹೊಟ್ಟೆ ಮತ್ತು ಸೊಂಟ, ಕ್ಯಾನ್ಸರ್ ಗಡ್ಡೆ, ಕಣ್ಣು, ಪೇಸ್‌ಮೇಕರ್ ಇರುವ ಎದೆ, ಇವುಗಳ ಮೇಲೆ ಅದನ್ನು ಇಡುವಂತಿಲ್ಲ.