ಸಣ್ಣ ಉದ್ದಿಮೆ ಮತ್ತು ಉದ್ಯೋಗಸೃಷ್ಟಿ: ಮುಂಬಯಿಯ ಉಡುಪಿ ಹೋಟೆಲುಗಳ ನಿದರ್ಶನ

ಸಣ್ಣ ಉದ್ದಿಮೆಗಳು ಉದ್ಯೋಗವನ್ನು ಸೃಷ್ಟಿಸುತ್ತವೆಂಬುದು ಸರ್ವಸಮ್ಮತವಾದ ಮಾತು. ಆದರೆ ಎಂತಹ ಉದ್ಯೋಗವನ್ನು, ಯಾರಿಗೆ ಒದಗಿಸುತ್ತವೆ ಎಂಬ ಪ್ರಶ್ನೆಗೆ ಅಂಕಿಸಂಖ್ಯೆಗಳಿಂದ ಪೂರ್ಣ ಉತ್ತರ ದೊರೆಯದು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 73ನೆಯ ಸುತ್ತಿನ (2015-16) ಪ್ರಕಾರ ದೇಶದಲ್ಲಿದ್ದ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು ಸುಮಾರು 6.34 ಕೋಟಿ, ಅವುಗಳಲ್ಲಿ ದುಡಿಯುತ್ತಿದ್ದವರು ಸುಮಾರು 11.10 ಕೋಟಿ. ಅಂದರೆ ಒಂದು ಉದ್ದಿಮೆಗೆ ಸರಾಸರಿ ಇಬ್ಬರೂ ಇಲ್ಲ. ಅನೇಕ ಕಡೆ ಒಡೆಯನೇ ದುಡಿಮೆಗಾರ. ಇದಕ್ಕಿಂತ ಭಿನ್ನವಾಗಿ, ಹೊರಗಿನವರನ್ನು ಸಂಬಳಕ್ಕೆ ಇರಿಸಿಕೊಂಡು ಬೆಳೆದ ಸಣ್ಣ ಉದ್ದಿಮೆಗೆ ಮುಂಬಯಿಯ ಉಡುಪಿ ಹೋಟೆಲು ಉತ್ತಮ ನಿದರ್ಶನ.

ಎ. ರಾಮನಾಯಕರು ಮಾಟುಂಗಾದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ಅನ್ನು ಆರಂಭಿಸಿದುದು 1942ರಲ್ಲಿ. ಇಂತಹ ಹೋಟೆಲುಗಳು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಅಸಂಖ್ಯ ಬಡ ತರುಣರಿಗೆ ನಗರದ ಹೆಬ್ಬಾಗಿಲಾದವು. ಇಲ್ಲಿ ಕೆಲಸಕ್ಕೆ ಪ್ರಮಾಣಪತ್ರ ಬೇಕಿರಲಿಲ್ಲ. ಊರಿನ ಪರಿಚಯವೇ ಸಾಕಾಗಿತ್ತು. ಊಟ, ವಸತಿಗಳು ಅಲ್ಲಿಯೇ ದೊರೆಯುತ್ತಿದ್ದುದರಿಂದ ಸಂಬಳದ ಬಹುಭಾಗವನ್ನು ಮನಿಯಾರ್ಡರಿನ ಮೂಲಕ ಊರಿಗೆ ಕಳುಹಿಸಬಹುದಾಗಿತ್ತು. ಲೋಟ ತೊಳೆಯಲು ಸೇರಿದವನು ಮಾಣಿಯಾಗಿ, ಅಡುಗೆಯವನಾಗಿ, ಗಲ್ಲಾಪೆಟ್ಟಿಗೆಯ ಬಳಿ ಕುಳಿತು, ಕೊನೆಗೆ ತನ್ನದೇ ಹೋಟೆಲು ತೆರೆದ ಉದಾಹರಣೆಗಳುಂಟು. ಹಗಲು ದುಡಿದವರಿಗೆ ಕನ್ನಡ ರಾತ್ರಿಶಾಲೆಗಳು ವಿದ್ಯೆಯನ್ನಿತ್ತವು. ಹೀಗೆ ಒಂದು ಉದ್ಯೋಗವು ಮತ್ತೊಂದು ಉದ್ದಿಮೆಗೆ ಬೀಜವಾಯಿತು.

ಆದರೆ ಇದರ ಇನ್ನೊಂದು ಮುಖವನ್ನು ಮರೆಯಲಾಗದು. ಬಾಯಿಮಾತಿನ ನಂಬಿಕೆಯಿಂದ ದೊರೆತ ಕೆಲಸಕ್ಕೆ ನೇಮಕಪತ್ರವಿರಲಿಲ್ಲ. ದುಡಿಮೆಯ ಅವಧಿಗೆ ಮಿತಿಯಿರಲಿಲ್ಲ. ಊರಿನ ಪರಿಚಯವಿದ್ದವನಿಗೆ ತೆರೆದ ಬಾಗಿಲು ಇಲ್ಲದವನಿಗೆ ಮುಚ್ಚಿರುತ್ತಿತ್ತು. ಎಳೆಯ ಬಾಲಕರೂ ದುಡಿದರು. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸಿಕೊಳ್ಳುವುದು ನಿಷಿದ್ಧವಾದುದು 2006ರ ಅಕ್ಟೋಬರಿನಲ್ಲಷ್ಟೆ. ಆದುದರಿಂದ ಸಣ್ಣ ಉದ್ದಿಮೆಯನ್ನು ಅಳೆಯಬೇಕಾದುದು ಅದು ಎಷ್ಟು ಕೈಗಳಿಗೆ ಕೆಲಸವಿತ್ತಿತೆಂಬುದರಿಂದ ಮಾತ್ರವಲ್ಲ. ಆ ಕೆಲಸದಿಂದ ಮೇಲೇರಿದವರು ಯಾರು, ಅಲ್ಲಿಯೇ ಸವೆದವರು ಯಾರು ಎಂಬುದರಿಂದಲೂ.

ಅಯ್ಯಾವೊಳೆ ಐನೂರ್ವರ ವಾಣಿಜ್ಯವನ್ನು ನಾವು ಅರಿತಿರುವುದು ಮುಖ್ಯವಾಗಿ ಶಾಸನಗಳಿಂದ. ಹೋಟೆಲಿನ ಮಾಣಿಗೆ ಶಾಸನವಿಲ್ಲ. ಅವನ ಚರಿತ್ರೆ ಹಳೆಯ ಲೆಕ್ಕದ ಪುಸ್ತಕಗಳಲ್ಲಿ, ರಾತ್ರಿಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ, ಊರಿಗೆ ಬರೆದ ಕಾಗದಗಳಲ್ಲಿ, ಹಿರಿಯರ ನೆನಪುಗಳಲ್ಲಿ ಚದುರಿಹೋಗಿದೆ. ಹೋಟೆಲುಗಳು ಕೈಬದಲಾದಂತೆ ಈ ಪುಸ್ತಕಗಳು ರದ್ದಿಯಾಗುತ್ತವೆ. ಹಿರಿಯರೂ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಮುಂಬಯಿ, ಪುಣೆಗಳಲ್ಲಿರುವ ಕನ್ನಡ ಸಂಶೋಧಕರಿಗೆ ಈ ಆಕರಗಳು ಕೈಯಳತೆಯಲ್ಲಿವೆ. ಒಡೆಯರ ಯಶೋಗಾಥೆಗಳಷ್ಟರಲ್ಲೇ ನಿಲ್ಲದೆ ದುಡಿದವರ ಮಾತನ್ನೂ ಅವರು ಈಗಲೇ ದಾಖಲಿಸಬೇಕಾಗಿದೆ.