ಹಾಲು ಕುಡಿದ ಕೇಕು

ಮದುವಿ ಮನಿಯಾಗ ಮಾದಲಿ ಬಡಸ್ತಾರ. ಅದಕ್ಕೆ ಹಾಲು, ತುಪ್ಪ ಹಾಕಿಕೊಂಡು ಉಣ್ಣುತ್ತೇವೆ. ಕೇಕನ್ನೂ ಹಾಗೆಯೇ ಹಾಲಿನಲ್ಲಿ ನೆನೆಸಿ ತಿನ್ನಬಹುದು. ದೂರದ ಮೆಕ್ಸಿಕೋ ದೇಶದಲ್ಲಿ ಮೂರು ಬಗೆಯ ಹಾಲು ಹಾಕಿ ಇಂಥ ಕೇಕು ಮಾಡುತ್ತಾರೆ. ನಮಗೆ ಮನೆಯ ಎಮ್ಮೆಯ ಹಾಲು ಸಾಕು. ತತ್ತಿಯೂ ಬೇಕಿಲ್ಲ.

ಬೇಕಾದ ಸಾಮಾನು

ಎಲ್ಲವನ್ನೂ ಒಂದೇ ವಾಟಿಯಿಂದ ಅಳೆಯಿರಿ.

ಬಾರೀಕ ರವೆ – ಒಂದೂವರೆ ವಾಟಿ
ಸಕ್ಕರೆ ಪುಡಿ – ಮುಕ್ಕಾಲು ವಾಟಿ
ಮೊಸರು – 1 ವಾಟಿ
ಎಣ್ಣೆ – ಕಾಲು ವಾಟಿ
ಹಾಲು – ಕಲಸಲು ಅರ್ಧ ವಾಟಿ, ನೆನೆಸಲು 2 ವಾಟಿ
ಅಡಿಗೆ ಸೋಡಾ – ಅರ್ಧ ಚಹಾ ಚಮಚ
ನೆನೆಸುವ ಹಾಲಿಗೆ ಸಕ್ಕರೆ – 4 ಚಮಚ
ಯಾಲಕ್ಕಿ – 2

ಸೋಡಾ ನೋಡಿ ಹಾಕಿರಿ

ಒಂದು ದಿನ ಕಲಿಕಾ ಕೇಂದ್ರದಲ್ಲಿ ನಾವೆಲ್ಲ ಕೂಡಿ ಕೇಕು ಮಾಡಲು ಕುಳಿತೆವು. ಒಬ್ಬರು ಮನೆಯಿಂದ ಸೋಡಾ ಡಬ್ಬಿ ತಂದರು.

“ಇದು ಅಡಿಗಿ ಸೋಡಾನೋ, ಅರಿವಿ ಸೋಡಾನೋ?” ಎಂದು ಕೇಳಿದೆವು.

“ಗೊತ್ತಿಲ್ರಿ ಅಕ್ಕಾರ. ಎರಡೂ ಬೆಳ್ಳಗ ಅದಾವು” ಎಂದರು.

ಆ ಸೋಡಾ ಚೆಲ್ಲಿದೆವು. ಹೊಸ ಪಾಕೀಟು ತರಿಸಿದೆವು. ಅರಿವಿ ಸೋಡಾ ತಿಂದರೆ ಬಾಯಿ, ಗಂಟಲು, ಹೊಟ್ಟೆ ಸುಡುತ್ತದೆ. ಯಾರಾದರೂ ತಪ್ಪಿ ತಿಂದರೆ ವಾಂತಿ ಮಾಡಿಸಬೇಡಿರಿ. ಕೂಡಲೇ ದವಾಖಾನೆಗೆ ಕರೆದುಕೊಂಡು ಹೋಗಿರಿ.

ಎಷ್ಟೋ ಪಾಕೀಟುಗಳ ಮೇಲೆ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಿರಿ. ಮನೆಗೆ ಬಂದು ಒಂದು ಚೀಟಿಯ ಮೇಲೆ ‘ಅಡಿಗೆ ಸೋಡಾ’ ಎಂದು ಬರೆಯಿರಿ. ಡಬ್ಬಿಗೆ ಅಂಟಿಸಿರಿ. ಅರಿವಿ ಸೋಡಾ ಅಡಿಗೆಮನೆಯಲ್ಲಿ ಇಡಲೇಬೇಡಿರಿ.

ಮಾಡುವ ರೀತಿ

ರವೆ, ಸಕ್ಕರೆ ಪುಡಿ, ಮೊಸರು, ಎಣ್ಣೆ, ಅರ್ಧ ವಾಟಿ ಹಾಲು ಕಲಸಿ ಅರ್ಧ ತಾಸು ಮುಚ್ಚಿಡಿರಿ. ರವೆ ನೆನೆದು ಉಬ್ಬುತ್ತದೆ.

ದಪ್ಪ ತಳದ ಪಾತೇಲಿಯಲ್ಲಿ 2 ವಾಟಿ ಉಪ್ಪು ಹರಡಿರಿ. ಅದರ ಮೇಲೆ ಸಣ್ಣ ತಾಟು ಬೋರಲು ಹಾಕಿರಿ. ಮುಚ್ಚಿ 10 ನಿಮಿಷ ಕಾಯಿಸಿರಿ.

ಈಗ ಹಿಟ್ಟಿಗೆ ಸೋಡಾ ಹಾಕಿ ಬೇಗ ಕಲಸಿರಿ. ಎಣ್ಣೆ ಸವರಿದ ಡಬ್ಬಿಗೆ ಸುರುವಿರಿ. ಅರ್ಧ ಡಬ್ಬಿ ಖಾಲಿ ಇರಲಿ. ಡಬ್ಬಿಯನ್ನು ತಾಟಿನ ಮೇಲಿಟ್ಟು ಪಾತೇಲಿ ಮುಚ್ಚಿರಿ. ಸಣ್ಣ ಉರಿಯಲ್ಲಿ 40 ನಿಮಿಷ ಬೇಯಲಿ. ಮೊದಲ ಅರ್ಧ ತಾಸು ಮುಚ್ಚಳ ತೆಗೆಯಬೇಡಿರಿ. ಆಮೇಲೆ ಕಡ್ಡಿ ಚುಚ್ಚಿ ನೋಡಿರಿ. ಹಿಟ್ಟು ಅಂಟದಿದ್ದರೆ ಕೇಕು ಬೆಂದಿದೆ.

2 ವಾಟಿ ಹಾಲಿಗೆ ಸಕ್ಕರೆ, ಯಾಲಕ್ಕಿ ಪುಡಿ ಹಾಕಿ ಕುದಿಸಿರಿ. ಉಗುರು ಬೆಚ್ಚಗಾಗಲಿ. ಆರಿದ ಕೇಕನ್ನು ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಹಾಲನ್ನು ಸಾವಕಾಶ ಸುರುವಿರಿ. ಅರ್ಧ ತಾಸು ಬಿಡಿರಿ.

ಕೇಕು ಹಾಲು ಕುಡಿಯುವುದು ಯಾಕ?

ಮೊಸರಿನ ಹುಳಿ ಮತ್ತು ಸೋಡಾ ಕೂಡಿದಾಗ ಗಾಳಿಯ ಗುಳ್ಳೆ ಏಳುತ್ತವೆ. ಕೇಕು ಬೇಯುವಾಗ ಗುಳ್ಳೆಯ ಜಾಗದಲ್ಲಿ ಸಣ್ಣ ತೂತು ಉಳಿಯುತ್ತವೆ. ಎರಿ ಹೊಲ ಮೊದಲ ಮಳಿ ಕುಡದಂಗ ಆ ತೂತುಗಳು ಹಾಲು ಕುಡಿಯುತ್ತವೆ. ಸೋಡಾ ಹೆಚ್ಚಾದರೆ ಕೇಕು ಕಹಿ ಆಗುತ್ತದೆ.

ಹಾಲು ಹಾಕಿದ ಕೇಕು ಬೇಗ ಕೆಡುತ್ತದೆ. ಎರಡು ತಾಸಿನೊಳಗೆ ತಿಂದುಬಿಡಿರಿ. ತಿನ್ನುವಷ್ಟಕ್ಕೆ ಮಾತ್ರ ಹಾಲು ಹಾಕಿರಿ. ಉಳಿದ ಒಣ ಕೇಕು ಮರುದಿನಕ್ಕೂ ಬರುತ್ತದೆ.

ನಿಮ್ಮ ಡಬ್ಬಿಗೆ ಚೀಟಿ ಹಚ್ಚಿದಿರಾ? ಮೊದಲು ಚೀಟಿ, ಆಮೇಲೆ ಕೇಕು.